ಕಂಪವಾತ ಮತ್ತು ವೈರಸ್: ನಮ್ಮ ನಾಲೆ ಬಯಲಿನ ಪಾಠ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ವೈದ್ಯನಲ್ಲ. ಉರ್ದು ಮತ್ತು ಕನ್ನಡ ಪಾಠ ಹೇಳುವ ಶಿಕ್ಷಕ. ಹಾಗಿದ್ದೂ ಒಂದು ಕಾಯಿಲೆಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ಏಕೆಂದರೆ ಈ ಕಾಯಿಲೆಯ ಬಗ್ಗೆ ಬರುವ ಸುದ್ದಿಯನ್ನು ಸರಿಯಾಗಿ ಓದುವುದು ವೈದ್ಯರಷ್ಟೇ ಅಲ್ಲ, ನಾವೂ ಕಲಿಯಬೇಕಾದ ವಿದ್ಯೆ. ಸುದ್ದಿಯನ್ನು ತಪ್ಪಾಗಿ ಓದಿದರೆ ಮನೆಯ ಹಿರಿಯರಿಗೆ ನೋವಾಗುತ್ತದೆ. ಓದದೇ ಬಿಟ್ಟರೆ ಮನೆಯ ಮಗುವಿಗೆ ಅಪಾಯವಾಗಬಹುದು. ಇವೆರಡನ್ನೂ ವಿವರಿಸುವುದು ನನ್ನ ಇಂದಿನ ಕೆಲಸ.

ಕಾಯಿಲೆಯ ಹೆಸರು ಪಾರ್ಕಿನ್ಸನ್. ಕನ್ನಡದಲ್ಲಿ ಇದನ್ನು ಕಂಪವಾತ ಎನ್ನುತ್ತಾರೆ, ನಮ್ಮ ಮನೆಗಳಲ್ಲಿ ಉರ್ದುವಿನಲ್ಲಿ ರಅಶಾ ಎನ್ನುತ್ತಾರೆ. ಎರಡು ಮಾತಿಗೂ ನಡುಕ ಎಂದೇ ಅರ್ಥ. ನಮ್ಮ ಆಯುರ್ವೇದದವರಿಗೂ ಯುನಾನಿ ಹಕೀಮರಿಗೂ ಈ ನಡುಕ ಹಿಂದಿನಿಂದ ಪರಿಚಿತ. ಆದರೆ ಅದನ್ನು ಒಂದು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿ 1817ರಲ್ಲಿ ಪುಸ್ತಕ ಬರೆದವರು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್. ಅವರು ವಿವರಿಸಿದ್ದು ಕೇವಲ ಆರು ಜನ ರೋಗಿಗಳನ್ನು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇತ್ತು.

ನಮ್ಮ ಮೆದುಳಿನ ಬುಡದ ಹತ್ತಿರ ಕಪ್ಪು ಬಣ್ಣದ ಒಂದು ಪುಟ್ಟ ಭಾಗವಿದೆ. ಅದಕ್ಕೆ ಸಬ್‌ಸ್ಟಾನ್ಷಿಯಾ ನೈಗ್ರಾ ಎಂದು ಹೆಸರು. ಅಲ್ಲಿನ ಜೀವಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಕೈ ಎತ್ತು, ಹೆಜ್ಜೆ ಇಡು, ಗುಂಡಿ ಹಾಕು ಎಂದು ಮನಸ್ಸು ಹೇಳಿದ್ದನ್ನು ದೇಹ ಸಲೀಸಾಗಿ ಮಾಡಲು ಈ ಡೋಪಮಿನ್ ಬೇಕು. ಈ ಜೀವಕೋಶಗಳು ನಿಧಾನವಾಗಿ ಸಾಯುತ್ತಾ ಬಂದಾಗ ಪಾರ್ಕಿನ್ಸನ್ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಅರವತ್ತರ ಆಸುಪಾಸಿನಲ್ಲಿ, ಮೊದಲು ದೇಹದ ಒಂದೇ ಪಕ್ಕದಲ್ಲಿ ಶುರುವಾಗುತ್ತದೆ. ಸುಮ್ಮನೆ ಕುಳಿತಾಗ ಕೈ ನಡುಗುತ್ತದೆ. ನಡಿಗೆ ಚಿಕ್ಕದಾಗುತ್ತದೆ, ಅಕ್ಷರ ಸಣ್ಣದಾಗುತ್ತದೆ, ದನಿ ತಗ್ಗುತ್ತದೆ, ಮುಖದಲ್ಲಿ ಭಾವ ಕಾಣುವುದಿಲ್ಲ. ನಮಾಜಿನಲ್ಲಿ ಸಜ್ದಾದಿಂದ ಎದ್ದೇಳಲು ಹಿರಿಯರು ಕಷ್ಟಪಡುವುದನ್ನು ಕಂಡು "ವಯಸ್ಸಾಯಿತು" ಎಂದು ನಾವು ಸುಮ್ಮನಾಗುತ್ತೇವೆ. ಎಲ್ಲವೂ ವಯಸ್ಸಲ್ಲ. ನಡುಕವೇ ಇಲ್ಲದೆ ಬರೀ ನಿಧಾನಗತಿ ಮತ್ತು ಬಿಗಿತದಿಂದಲೂ ಈ ಕಾಯಿಲೆ ಬರಬಹುದು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಆ ಜೀವಕೋಶಗಳು ಏಕೆ ಸಾಯುತ್ತವೆ? ಬಹುಪಾಲು ರೋಗಿಗಳಲ್ಲಿ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲು ವಿಜ್ಞಾನಕ್ಕೆ ಇನ್ನೂ ಆಗಿಲ್ಲ. ಕೆಲವು ಕುಟುಂಬಗಳಲ್ಲಿ ಅದು ವಂಶವಾಹಿಯಿಂದ ಬರುತ್ತದೆ, ಅಂಥ ಮೊದಲ ವಂಶವಾಹಿ ದೋಷ ಪತ್ತೆಯಾದದ್ದು 1997ರಲ್ಲಿ. ಪ್ಯಾರಾಕ್ವಾಟ್‌ನಂಥ ಕಳೆನಾಶಕಗಳ ಮೇಲೂ ಬಲವಾದ ಅನುಮಾನವಿದೆ. ಕಬ್ಬು, ಭತ್ತ ಬೆಳೆಯುವ ನಮ್ಮ ರೈತರು ಇದನ್ನು ಗಮನಿಸಬೇಕು. ಮೂರನೆಯ ಅನುಮಾನವೇ ವೈರಸ್. ಈ ಅನುಮಾನ ಹುಟ್ಟಿ ನೂರು ವರ್ಷ ದಾಟಿದೆ.

1917ರಲ್ಲಿ ವಿಯೆನ್ನಾ ನಗರದ ವೈದ್ಯ ಕಾನ್‌ಸ್ಟಾಂಟಿನ್ ಫಾನ್ ಇಕಾನಮೋ ಒಂದು ವಿಚಿತ್ರ ಮೆದುಳು ಜ್ವರವನ್ನು ವರ್ಣಿಸಿದರು. ರೋಗಿಗಳು ದಿನಗಟ್ಟಲೆ ನಿದ್ದೆಯಲ್ಲೇ ಇರುತ್ತಿದ್ದರು. ಅದು ಜಗತ್ತಿನಾದ್ಯಂತ ಹರಡಿ, 1920ರ ದಶಕದ ಕೊನೆಯ ಹೊತ್ತಿಗೆ ಬಂದ ಹಾಗೆಯೇ ಹೋಯಿತು. ಬದುಕುಳಿದವರಲ್ಲಿ ಅನೇಕರಿಗೆ ತಿಂಗಳುಗಳ, ವರ್ಷಗಳ ನಂತರ ಪಾರ್ಕಿನ್ಸನ್‌ನಂಥ ಸ್ಥಿತಿ ಬಂತು. ಕೆಲವರು ಕಲ್ಲಿನ ಮೂರ್ತಿಗಳಂತೆ ದಶಕಗಳ ಕಾಲ ಆಸ್ಪತ್ರೆಗಳಲ್ಲಿ ಉಳಿದರು. ನ್ಯೂಯಾರ್ಕಿನಲ್ಲಿ ಅಂಥವರಿಗೆ 1969ರಲ್ಲಿ ಲೆವೊಡೋಪಾ ಎಂಬ ಔಷಧ ಕೊಟ್ಟು, ಅವರು ಎದ್ದು ನಡೆದದ್ದನ್ನು ವೈದ್ಯ ಆಲಿವರ್ ಸ್ಯಾಕ್ಸ್ ಒಂದು ಪುಸ್ತಕದಲ್ಲಿ ಬರೆದಿದ್ದಾರೆ. ಅದೇ ಕಾಲದಲ್ಲಿ 1918ರ ಮಹಾ ಇನ್‌ಫ್ಲುಯೆಂಜಾ ಜ್ವರವೂ ಬಂದಿದ್ದರಿಂದ ಎರಡಕ್ಕೂ ನಂಟಿದೆ ಎಂದು ಬಹಳ ಜನ ನಂಬಿದರು. ಆದರೆ ಕಾಪಿಟ್ಟಿದ್ದ ಮೆದುಳಿನ ಅಂಗಾಂಶಗಳನ್ನು ಮುಂದೆ ಪರೀಕ್ಷಿಸಿದಾಗ ಇನ್‌ಫ್ಲುಯೆಂಜಾ ವೈರಸ್ಸಿನ ಗುರುತು ಸಿಗಲಿಲ್ಲ. ಆ ನಿದ್ರಾ ಜ್ವರದ ಕಾರಣ ಇಂದಿಗೂ ನಿಗೂಢ.

ವಿಯೆನ್ನಾ ದೂರದ ಮಾತಾಯಿತು ಎನ್ನುತ್ತೀರಾ? ಹಾಗಾದರೆ ನಮ್ಮ ಮಂಡ್ಯ ಜಿಲ್ಲೆಗೇ ಬರೋಣ.

ವಿದ್ಯಾರ್ಥಿಗಳೇ, ಜಪಾನೀಸ್ ಎನ್ಸೆಫಲೈಟಿಸ್ ಎಂಬ ಹೆಸರನ್ನು ನೀವು ಆಸ್ಪತ್ರೆಯ ಗೋಡೆಯ ಮೇಲೆ ಓದಿರಬಹುದು. ನಮ್ಮವರು ಅದನ್ನು ಮೆದುಳು ಜ್ವರ ಎನ್ನುತ್ತಾರೆ. ಭಾರತದಲ್ಲಿ ಅದರ ರೋಗಿಗಳು ಮೊದಲು ಪತ್ತೆಯಾದದ್ದು 1955ರಲ್ಲಿ, ತಮಿಳುನಾಡಿನ ವೆಲ್ಲೂರು ಸೀಮೆಯಲ್ಲಿ. ಮುಂದೆ ಕೋಲಾರ ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಅದು ಮಕ್ಕಳನ್ನು ಕಾಡಿತು. 1983ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಈ ಜ್ವರ ಸಾಂಕ್ರಾಮಿಕವಾಗಿ ಹಬ್ಬಿತು. ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ನಮ್ಮ ಜಿಲ್ಲೆಗೆ ಬಂದು ಸೊಳ್ಳೆ ಹಿಡಿದು ಪರೀಕ್ಷಿಸಿ, ಮರುವರ್ಷವೇ ವರದಿ ಪ್ರಕಟಿಸಿದರು. ಇಂದು ನಲವತ್ತೈದು ದಾಟಿದ ಎಷ್ಟೋ ಜನರಿಗೆ ಬಾಲ್ಯದ ಆ ಭಯದ ನೆನಪಿರಬಹುದು.

ಮಂಡ್ಯಕ್ಕೇ ಏಕೆ ಬಂತು? ಉತ್ತರ ನಮ್ಮ ನೀರಿನಲ್ಲಿದೆ. ಈ ವೈರಸ್ಸನ್ನು ಹರಡುವ ಕ್ಯುಲೆಕ್ಸ್ ಜಾತಿಯ ಸೊಳ್ಳೆಗಳು ಮೊಟ್ಟೆ ಇಡುವುದು ಚರಂಡಿಗಿಂತ ಹೆಚ್ಚಾಗಿ ನೀರು ನಿಂತ ಭತ್ತದ ಗದ್ದೆಗಳಲ್ಲಿ. ವಿಶ್ವೇಶ್ವರಯ್ಯ ನಾಲೆ, ಶ್ರೀರಂಗಪಟ್ಟಣದ ವಿರಿಜಾ ಮತ್ತು ಬಂಗಾರದೊಡ್ಡಿ ನಾಲೆಗಳು, ಕೃಷ್ಣರಾಜಪೇಟೆ ಕಡೆಯ ಹೇಮಾವತಿ ನಾಲೆ ನಮಗೆ ಅನ್ನ ಕೊಟ್ಟಿವೆ. ಅದೇ ನೀರು ನಿಂತ ಬಯಲು ಈ ಸೊಳ್ಳೆಗೂ ತವರು. ವೈರಸ್ ಬದುಕುವುದು ಗದ್ದೆಯಂಚಿನ ಬೆಳ್ಳಕ್ಕಿ, ಕೊಕ್ಕರೆ ಮುಂತಾದ ನೀರು ಹಕ್ಕಿಗಳಲ್ಲಿ. ಹಂದಿಗಳಲ್ಲಿ ಅದು ಬೇಗ ವೃದ್ಧಿಯಾಗುತ್ತದೆ. ಹಕ್ಕಿಯನ್ನೋ ಹಂದಿಯನ್ನೋ ಕಚ್ಚಿದ ಸೊಳ್ಳೆ ಮುಸ್ಸಂಜೆಯಿಂದ ಮುಂಜಾವಿನ ನಡುವೆ ಮನುಷ್ಯನನ್ನು ಕಚ್ಚಿದರೆ ವೈರಸ್ ನಮ್ಮೊಳಗೆ ಬರುತ್ತದೆ. ಆದರೆ ಮನುಷ್ಯನಿಂದ ಮನುಷ್ಯನಿಗೆ ಅದು ಹರಡುವುದಿಲ್ಲ. ನಮ್ಮ ರಕ್ತದಲ್ಲಿ ಅದರ ಪ್ರಮಾಣ ಎಷ್ಟು ಕಡಿಮೆಯೆಂದರೆ ನಮ್ಮನ್ನು ಕಚ್ಚಿದ ಸೊಳ್ಳೆಗೂ ಅದು ಅಂಟುವುದಿಲ್ಲ. ಇದನ್ನು ಕೇಳಿ ಯಾರೂ ರಂಗನತಿಟ್ಟಿನ ಹಕ್ಕಿಗಳ ಮೇಲೆ ಸಿಟ್ಟಾಗಬೇಡಿ. ಹಕ್ಕಿಗಳು ಇದ್ದೇ ಇರುತ್ತವೆ, ರಕ್ಷಣೆಯ ದಾರಿ ಬೇರೆಯೇ ಇದೆ.

ವೈರಸ್ ಹೊಕ್ಕವರಿಗೆಲ್ಲ ಜ್ವರ ಬರುವುದಿಲ್ಲ. ಸುಮಾರು 250 ಜನರಿಗೆ ಸೋಂಕು ತಗುಲಿದರೆ ಒಬ್ಬರಿಗೆ ಮಾತ್ರ ಮೆದುಳು ಊದಿಕೊಳ್ಳುವ ತೀವ್ರ ಕಾಯಿಲೆ ಬರುತ್ತದೆ. ಆದರೆ ಹಾಗೆ ಬಂದವರಲ್ಲಿ ನೂರಕ್ಕೆ ಮೂವತ್ತರವರೆಗೂ ಸಾವು ಸಂಭವಿಸಬಹುದು. ಬದುಕಿದವರಲ್ಲೂ ಅನೇಕರಿಗೆ ಪಾರ್ಶ್ವವಾಯು, ಫಿಟ್ಸ್, ಬುದ್ಧಿಮಾಂದ್ಯ ಉಳಿಯುತ್ತದೆ. ನಮ್ಮ ಇಂದಿನ ವಿಷಯ ಸೇರುವುದು ಇಲ್ಲಿಯೇ. ಈ ವೈರಸ್ ಮೆದುಳಿನ ಎಲ್ಲ ಭಾಗಗಳ ಮೇಲೂ ಒಂದೇ ಸಮನೆ ದಾಳಿ ಮಾಡುವುದಿಲ್ಲ. ಮೆದುಳಿನ ಆಳದಲ್ಲಿರುವ, ಚಲನೆಯನ್ನು ನಿಯಂತ್ರಿಸುವ ಕೇಂದ್ರಗಳನ್ನು ಹೆಚ್ಚಾಗಿ ಹಿಡಿಯುತ್ತದೆ. ಅವುಗಳಲ್ಲಿ ಆಗಲೇ ಹೇಳಿದ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಭಾಗವೂ ಒಂದು. 1999ರಲ್ಲಿ ಲಕ್ನೋದ ವೈದ್ಯರು, ಮೆದುಳು ಜ್ವರದಲ್ಲಿ ಮುಖ್ಯವಾಗಿ ಆ ಭಾಗಕ್ಕೇ ಪೆಟ್ಟುಬಿದ್ದು ಪಾರ್ಕಿನ್ಸನ್‌ನಂಥ ಸ್ಥಿತಿ ಬಂದ ರೋಗಿಗಳನ್ನು ವರದಿ ಮಾಡಿದರು. 2001ರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು, ಈ ಜ್ವರ ಬಿಟ್ಟ ಮೇಲೂ ಉಳಿಯುವ ಚಲನೆಯ ದೋಷಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಜ್ವರ ಇಳಿದಿರುತ್ತದೆ, ಪ್ರಜ್ಞೆ ಮರಳಿರುತ್ತದೆ. ಆದರೆ ಮಗುವಿನ ಮುಖ ಮುಖವಾಡದಂತಾಗಿ, ಮಾತು ತಡವರಿಸಿ, ಕೈಕಾಲು ಬಿಗಿದು, ಹೆಜ್ಜೆ ನಿಧಾನವಾಗಿರುತ್ತದೆ. ಅಜ್ಜನಿಗೆ ಬರುವ ಸ್ಥಿತಿ ಮೊಮ್ಮಗನಿಗೆ ಬಂದಂತೆ.

ಹಾಗಾದರೆ ವೈರಸ್ಸೇ ಪಾರ್ಕಿನ್ಸನ್ನಿಗೆ ಕಾರಣ ಎಂದು ತೀರ್ಪು ಕೊಡಬಹುದೇ? ಕೊಡಬಾರದು. ಏಕೆಂದರೆ ಇವೆರಡೂ ನೋಡಲು ಒಂದೇ ರೀತಿ ಇದ್ದರೂ ಒಂದೇ ಕಾಯಿಲೆಯಲ್ಲ. ನಿಜವಾದ ಪಾರ್ಕಿನ್ಸನ್ ಸದ್ದಿಲ್ಲದೆ ಬಂದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ. ಅದರಲ್ಲಿ ಸಾಯುವ ಜೀವಕೋಶಗಳೊಳಗೆ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನಿನ ಗಂಟುಗಳು ಕಾಣುತ್ತವೆ. ಮೆದುಳು ಜ್ವರದ ನಂತರ ಬರುವುದು ಹೊಡೆತದ ಗಾಯದಂತೆ. ಜ್ವರದ ಬೆನ್ನಿಗೇ ಬರುತ್ತದೆ, ಸಾಮಾನ್ಯವಾಗಿ ಬೆಳೆಯುತ್ತಾ ಹೋಗುವುದಿಲ್ಲ, ಕೆಲವರಲ್ಲಿ ತಿಂಗಳುಗಳಲ್ಲಿ ಎಷ್ಟೋ ಸುಧಾರಿಸುತ್ತದೆ. ಆದ್ದರಿಂದ ವೈದ್ಯರು ಅದನ್ನು ಪಾರ್ಕಿನ್ಸನ್ ಕಾಯಿಲೆ ಎನ್ನದೆ ಪಾರ್ಕಿನ್ಸನಿಸಂ, ಅಂದರೆ ಪಾರ್ಕಿನ್ಸನ್ ಲಕ್ಷಣಗಳ ಸ್ಥಿತಿ ಎನ್ನುತ್ತಾರೆ. ಒಂದು ವೈರಸ್ ಆ ಕಪ್ಪು ಭಾಗವನ್ನು ಹಾಳುಮಾಡಬಲ್ಲದು ಎಂಬುದು ಇದರಿಂದ ಸಾಬೀತಾಗಿದೆ. ಆದರೆ ಅರವತ್ತು ದಾಟಿದ ಪ್ರತಿಯೊಬ್ಬರ ನಡುಕಕ್ಕೂ ವೈರಸ್ಸೇ ಕಾರಣ ಎಂಬುದು ಸಾಬೀತಾಗಿಲ್ಲ.

ಇತ್ತೀಚಿನ ಸಂಶೋಧನೆಗಳನ್ನೂ ಇದೇ ತಕ್ಕಡಿಯಲ್ಲಿ ತೂಗೋಣ. 2009ರಲ್ಲಿ ಅಮೆರಿಕದ ಸಂಶೋಧಕರು ಹಕ್ಕಿ ಜ್ವರದ ವೈರಸ್ ಇಲಿಗಳ ನರಗಳ ಮೂಲಕ ಮೆದುಳು ಸೇರಿ, ಅಲ್ಲಿ ಸಿನ್ಯೂಕ್ಲಿನ್ ಗಂಟುಕಟ್ಟುವಂತೆ ಮಾಡಿದ್ದನ್ನು ತೋರಿಸಿದರು. 2021ರಲ್ಲಿ ಡೆನ್ಮಾರ್ಕ್ ದೇಶದ ಆಸ್ಪತ್ರೆ ದಾಖಲೆಗಳ ಅಧ್ಯಯನವೊಂದು, ಇನ್‌ಫ್ಲುಯೆಂಜಾ ಬಂದಿತ್ತೆಂದು ದಾಖಲಾದವರಲ್ಲಿ ಹತ್ತು ವರ್ಷ ಕಳೆದ ಮೇಲೆ ಪಾರ್ಕಿನ್ಸನ್ ಬರುವ ಸಂಭವ ಸುಮಾರು ಶೇಕಡಾ 70ರಷ್ಟು ಹೆಚ್ಚು ಎಂದಿತು. ಹೆಪಟೈಟಿಸ್ ಸಿ ಸೋಂಕಿದ್ದವರಲ್ಲಿ ಪಾರ್ಕಿನ್ಸನ್ ತುಸು ಹೆಚ್ಚೆಂದು ತೈವಾನ್ ಮತ್ತು ಇಂಗ್ಲೆಂಡಿನ ಅಧ್ಯಯನಗಳು ಹೇಳಿವೆ. 2025ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು, ತೀರಿಕೊಂಡ ಹತ್ತು ಪಾರ್ಕಿನ್ಸನ್ ರೋಗಿಗಳ ಮೆದುಳನ್ನು ಪರೀಕ್ಷಿಸಿ ಐವರಲ್ಲಿ ಪೆಗಿವೈರಸ್ ಎಂಬ ವೈರಸ್ಸನ್ನು ಕಂಡರು. ಆ ಕಾಯಿಲೆ ಇಲ್ಲದ ಹದಿನಾಲ್ಕು ಮೆದುಳುಗಳಲ್ಲಿ ಅದು ಒಂದರಲ್ಲೂ ಇರಲಿಲ್ಲ. ಅಲ್ಲಿಯವರೆಗೆ ಅದನ್ನು ಯಾವ ತೊಂದರೆಯನ್ನೂ ಮಾಡದ ವೈರಸ್ ಎಂದೇ ತಿಳಿಯಲಾಗಿತ್ತು.

ಇವು ಕುತೂಹಲದ ಸಂಗತಿಗಳು, ನಿಜ. ಆದರೆ ಕಪ್ಪೆ ವಟಗುಟ್ಟಿದ ಮೇಲೆ ಮಳೆ ಬರುತ್ತದೆ ಎಂದಾಕ್ಷಣ ಮಳೆ ತಂದದ್ದು ಕಪ್ಪೆ ಎನ್ನಲಾದೀತೆ? ಎರಡು ಸಂಗತಿ ಜೊತೆಯಾಗಿ ಕಾಣುವುದು ಬೇರೆ, ಒಂದರಿಂದ ಇನ್ನೊಂದು ಆಗುವುದು ಬೇರೆ. ಹತ್ತು ಮೆದುಳುಗಳ ಪರೀಕ್ಷೆಯಿಂದ ಲಕ್ಷಾಂತರ ಜನರ ಕಾಯಿಲೆಯ ಕಾರಣ ನಿರ್ಧಾರವಾಗುವುದಿಲ್ಲ. ಡೆನ್ಮಾರ್ಕಿನ ಲೆಕ್ಕವೂ ನಂಟನ್ನು ತೋರಿಸುತ್ತದೆಯೇ ಹೊರತು ಕಾರಣವನ್ನಲ್ಲ. ಇಲಿಯಲ್ಲಿ ಆದದ್ದು ಮನುಷ್ಯನಲ್ಲೂ ಆಗಲೇಬೇಕೆಂದಿಲ್ಲ. ಈಗ ಅನೇಕ ವಿಜ್ಞಾನಿಗಳ ಅಭಿಪ್ರಾಯವೆಂದರೆ, ವಂಶವಾಹಿ, ವಿಷ, ವಯಸ್ಸು ಇವುಗಳ ಜೊತೆ ಸೋಂಕು ಕೂಡ ಕೆಲವರಲ್ಲಿ ಒಂದು ಪಾತ್ರ ವಹಿಸಿರಬಹುದು ಎಂದು. "ಇರಬಹುದು" ಎಂಬ ಆ ಮಾತನ್ನು ಓದುವಾಗ ನುಂಗಿಬಿಡಬೇಡಿ. ವ್ಯಾಕರಣದಲ್ಲಿ ನಾವು ಸಂಭಾವನಾರ್ಥಕ ರೂಪ ಕಲಿಸುವುದು ಪರೀಕ್ಷೆಯ ಅಂಕಕ್ಕಾಗಿ ಮಾತ್ರವಲ್ಲ.

ಇಷ್ಟನ್ನು ತಿಳಿದುಕೊಂಡ ಮೇಲೆ ನಾವು ಮಾಡಬೇಕಾದದ್ದೇನು? ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಭಯ ಬೇಡ. ವೈರಸ್ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಕೊರೊನಾ ಕಾಲ ಕಂಡ ನಮಗೆ ದೂರ ನಿಲ್ಲಬೇಕು ಎನ್ನಿಸುತ್ತದೆ. ಪಾರ್ಕಿನ್ಸನ್ ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯಲ್ಲ. ದಾದಾ, ನಾನಿಯರ ತಟ್ಟೆ ಲೋಟ ಬೇರೆ ಇಡುವುದು, ಮಕ್ಕಳನ್ನು ಅವರ ಮಡಿಲಿನಿಂದ ದೂರವಿಡುವುದು ಅಜ್ಞಾನ, ಅನ್ಯಾಯ ಕೂಡ. ಅವರ ಕೈ ನಡುಗಿ ಚಹಾ ಚೆಲ್ಲಿದರೆ ನಗಬೇಡಿ. ಜಗದ್ವಿಖ್ಯಾತ ಮುಷ್ಟಿಮಲ್ಲ ಮಹಮ್ಮದ್ ಅಲಿಯವರಿಗೆ ಈ ಕಾಯಿಲೆ ಇರುವುದು 1984ರಲ್ಲಿ ತಿಳಿಯಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಜ್ಯೋತಿಯನ್ನು ಅವರು ನಡುಗುವ ಕೈಯಿಂದಲೇ ಬೆಳಗಿಸಿದಾಗ ಇಡೀ ಜಗತ್ತು ಗೌರವದಿಂದ ನೋಡಿತು.

ಎರಡನೆಯದು, ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡಿ. ಲೆವೊಡೋಪಾ ದೇಹದೊಳಗೆ ಡೋಪಮಿನ್ ಆಗಿ ಬದಲಾಗುವ ಔಷಧ. ಅದು ಕಾಯಿಲೆಯನ್ನು ಬೇರು ಸಹಿತ ಕೀಳದಿದ್ದರೂ ವರ್ಷಗಳ ಕಾಲ ನಡೆದಾಡುವ ಬದುಕನ್ನು ಕೊಡುತ್ತದೆ. ನಸುಗುನ್ನಿ ಬೀಜದಲ್ಲಿ, ಹಕೀಮರು ಕೌಂಚ್ ಎನ್ನುವ ಅದೇ ಬೀಜದಲ್ಲಿ, ಈ ವಸ್ತು ಸಹಜವಾಗಿಯೇ ಇದೆ. 1937ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದವರು ಭಾರತೀಯ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ. ಹಾಗೆಂದು ಬೀಜ ಅರೆದು ಕುಡಿಸಲು ಹೋಗಬೇಡಿ. ಪ್ರಮಾಣ ಹೆಚ್ಚುಕಡಿಮೆಯಾದರೆ ಅಪಾಯ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಮೈ ಬಿಗಿದು ತೀವ್ರ ಜ್ವರ ಬಂದು ಜೀವಕ್ಕೇ ಕುತ್ತು ಬರಬಹುದು. ರಂಜಾನ್ ತಿಂಗಳಲ್ಲಿ ಇದು ನಮ್ಮ ಮನೆಗಳ ಪ್ರಶ್ನೆಯಾಗುತ್ತದೆ. ದಿನಕ್ಕೆ ಮೂರು ನಾಲ್ಕು ಬಾರಿ ಮಾತ್ರೆ ನುಂಗುವ ಹಿರಿಯರು ರೋಜಾಕ್ಕಾಗಿ ತಾವೇ ಅದನ್ನು ಬಿಡುವುದುಂಟು. ರೋಗಿಗೆ ರೋಜಾದಿಂದ ರಿಯಾಯಿತಿ ಇದೆ ಎಂಬುದು ನಮಗೆಲ್ಲ ಗೊತ್ತಿರುವ ವಿಷಯ. ತಿಂಗಳು ಶುರುವಾಗುವ ಮೊದಲೇ ವೈದ್ಯರನ್ನೂ ಆಲಿಮರನ್ನೂ ಕೇಳಿ ತೀರ್ಮಾನಿಸಿ.

ಮೂರನೆಯದು, ಇಂದಿನ ಮಾತಿನ ತಿರುಳು. ಪಾರ್ಕಿನ್ಸನ್ ಬಾರದಂತೆ ತಡೆಯುವ ಲಸಿಕೆ ಇಲ್ಲ. ಆದರೆ ಮಗುವಿನ ಮೆದುಳಿನ ಅದೇ ಕಪ್ಪು ಭಾಗಕ್ಕೆ ಪೆಟ್ಟು ಕೊಡಬಲ್ಲ, ನಮ್ಮ ಗದ್ದೆ ಬಯಲಿನಲ್ಲೇ ಇರುವ ಒಂದು ವೈರಸ್ಸಿಗೆ ಲಸಿಕೆ ಇದೆ. 2005ರಲ್ಲಿ ಗೋರಖಪುರದಲ್ಲಿ ಮೆದುಳು ಜ್ವರ ನೂರಾರು ಮಕ್ಕಳ ಪ್ರಾಣ ತೆಗೆದ ಮೇಲೆ, 2006ರಿಂದ ಸರ್ಕಾರ ಈ ಲಸಿಕೆಯನ್ನು ರೋಗವಿರುವ ಜಿಲ್ಲೆಗಳಲ್ಲಿ ಹಾಕಿಸಲು ಆರಂಭಿಸಿತು. ಆ ಜಿಲ್ಲೆಗಳಲ್ಲಿ ನಮ್ಮ ಮಂಡ್ಯವೂ ಸೇರಿದೆ. ಒಂಬತ್ತು ತಿಂಗಳು ತುಂಬಿದಾಗ ಮೊದಲ ಡೋಸು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಎರಡನೆಯದು. ಎರಡೂ ಉಚಿತ, ದಡಾರ ರುಬೆಲ್ಲಾ ಚುಚ್ಚುಮದ್ದಿನ ದಿನವೇ ಹಾಕುತ್ತಾರೆ. ಹೆಮ್ಮೆಯ ಸಂಗತಿಯೊಂದಿದೆ. 1980ರ ದಶಕದ ಆರಂಭದಲ್ಲಿ ನಮ್ಮ ಕೋಲಾರದಲ್ಲಿ ಪತ್ತೆಯಾದ ವೈರಸ್ಸಿನಿಂದಲೇ ಜೆನ್‌ವ್ಯಾಕ್ ಎಂಬ ಸ್ವದೇಶಿ ಲಸಿಕೆ ತಯಾರಾಗಿ 2013ರಲ್ಲಿ ಬಿಡುಗಡೆಯಾಯಿತು. ಕಾಡಿದ ವೈರಸ್ಸೇ ಕಾಯುವ ಲಸಿಕೆಯಾಯಿತು.

ಮೊದಲ ಡೋಸು ಹಾಕಿಸಿ, ಮಗುವಿಗೆ ಸ್ವಲ್ಪ ಜ್ವರ ಬಂದಿತೆಂದು ಎರಡನೆಯದನ್ನು ಬಿಟ್ಟುಬಿಡುವ ತಾಯಂದಿರಿದ್ದಾರೆ. ಯಾರೋ ಹೇಳಿದ ಗಾಳಿಮಾತು ಕೇಳಿ ಆಶಾ ಕಾರ್ಯಕರ್ತೆ ಬಂದಾಗ ಬಾಗಿಲು ತೆರೆಯದವರೂ ಇದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಕೂರಿಸಿಕೊಂಡು ಅವರ ಭಾಷೆಯಲ್ಲಿ ವಿವರಿಸಬೇಕು. ಕನ್ನಡದ ಕರಪತ್ರ ಓದಲಾಗದ ತಾಯಿಗೆ ಅದನ್ನು ಉರ್ದುವಿನಲ್ಲಿ ಓದಿ ಹೇಳುವ ಕೆಲಸವನ್ನು ನಮ್ಮ ಹೈಸ್ಕೂಲಿನ ಹೆಣ್ಣುಮಕ್ಕಳು ಚೆನ್ನಾಗಿ ಮಾಡಬಲ್ಲರು. ಇಂದು ಮನೆಗೆ ಹೋದ ಕೂಡಲೇ ಎರಡು ವರ್ಷದೊಳಗಿನ ತಮ್ಮ ತಂಗಿಯರ ತಾಯಿ ಕಾರ್ಡ್ ತೆಗೆದು ನೋಡಿ. ಜೆಇ ಎಂಬ ಸಾಲಿನಲ್ಲಿ ಎರಡು ತಾರೀಖು ಇವೆಯೇ? ಇಲ್ಲದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ನಾಗಮಂಗಲದವರು "ನಮ್ಮದು ರಾಗಿ ಸೀಮೆ, ನಮಗೇಕೆ" ಎಂದು ಕೂರಬೇಡಿ. ಕೆರೆ ಹಿಂದಿನ ಗದ್ದೆಯಲ್ಲೂ ನೀರು ನಿಲ್ಲುತ್ತದೆ, ರಜೆಯಲ್ಲಿ ಮಕ್ಕಳು ನಾಲೆ ಬಯಲಿನ ನೆಂಟರ ಮನೆಗೂ ಹೋಗುತ್ತಾರೆ.

ನಾಲ್ಕನೆಯದು, ಎಚ್ಚರ. ಸಂಜೆಯ ಮೇಲೆ ಮಕ್ಕಳಿಗೆ ತುಂಬುತೋಳಿನ ಬಟ್ಟೆ, ಮಲಗುವಾಗ ಸೊಳ್ಳೆ ಪರದೆ ಇರಲಿ. ಹಂದಿಗಳು ಜನವಸತಿಯಿಂದ ದೂರವಿರುವಂತೆ ಪಂಚಾಯಿತಿಯನ್ನು ಕೇಳಿ. ಮಗುವಿಗೆ ತೀವ್ರ ಜ್ವರದೊಂದಿಗೆ ವಾಂತಿ, ಮಂಪರು, ಫಿಟ್ಸ್ ಬಂದರೆ ದೃಷ್ಟಿಯಾಯಿತು, ಗಾಳಿ ಸೋಕಿತು ಎಂದು ತಾಯತ ಕಟ್ಟಿಸಿ ರಾತ್ರಿ ಕಳೆಯಬೇಡಿ. ಈ ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧ ಇಲ್ಲದಿದ್ದರೂ ಉಸಿರಾಟ, ಫಿಟ್ಸ್, ಮೆದುಳಿನ ಊತ ಇವನ್ನು ಹತೋಟಿಗೆ ತಂದು ಆಸ್ಪತ್ರೆ ಜೀವ ಉಳಿಸಬಲ್ಲದು. ಅಲ್ಲಿ ಗಂಟೆಗಳಿಗೂ ಬೆಲೆ ಇದೆ. ಹಾಗೆಯೇ ಹಿರಿಯರ ಕೈ ನಡುಕ, ನಿಧಾನವಾದ ನಡಿಗೆ, ವಾಸನೆ ತಿಳಿಯದಿರುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಕಂಡರೆ ನರರೋಗ ತಜ್ಞರಿಗೆ ತೋರಿಸಿ. ಕಳೆನಾಶಕ ಸಿಂಪಡಿಸುವ ಮನೆಯ ಗಂಡಸರು ಕೈಗವಸು, ಮುಖಗವಸು ಇಲ್ಲದೆ ಗದ್ದೆಗೆ ಇಳಿಯದಿರಲಿ.

ಪ್ರೀತಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಾದರೂ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುತ್ತೀರಿ. ವೈದ್ಯರಾಗುವುದೊಂದೇ ದಾರಿಯಲ್ಲ. 1983ರಲ್ಲಿ ನಮ್ಮ ಗದ್ದೆಗಳಲ್ಲಿ ಸೊಳ್ಳೆ ಹಿಡಿದು ಪರೀಕ್ಷಿಸಿದವರೂ ಸಾವಿರಾರು ಮಕ್ಕಳನ್ನು ಕಾಪಾಡುವ ಕೆಲಸದಲ್ಲಿ ಪಾಲುದಾರರೇ. ಪಾರ್ಕಿನ್ಸನ್ನಿನ ಕಾರಣ ಇನ್ನೂ ಪೂರ್ತಿ ಬಿಡಿಸದ ಲೆಕ್ಕ. ಅದನ್ನು ಬಿಡಿಸುವವರ ಸಾಲಿನಲ್ಲಿ ಪಾಂಡವಪುರದ ಒಬ್ಬ ಹುಡುಗಿಯೋ, ಕೃಷ್ಣರಾಜಪೇಟೆಯ ಒಬ್ಬ ಹುಡುಗನೋ ಏಕಿರಬಾರದು? ಅಲ್ಲಿಯವರೆಗೆ, ಸಾಬೀತಾದದ್ದನ್ನು ಇಂದೇ ಆಚರಣೆಗೆ ತರೋಣ. ಸಾಬೀತಾಗದ್ದನ್ನು ತಾಳ್ಮೆಯಿಂದ ಓದುತ್ತಿರೋಣ.